ಬಾಗಿಲ ಹಿಂದಿನ ಚಿತ್ರ

ಬೆಳಗಿನ ಐದೂಕಾಲು. ಆರನೇ ಮಹಡಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಜೊತೆಯವರೆಲ್ಲ ‘ದೊಡ್ಡಕ್ಕ’ ಎಂದು ಕರೆಯುವ ಈ ಹೆಂಗಸು ಹೊಸ್ತಿಲಲ್ಲೇ ನಿಂತು ಕೋಣೆಯ ಮೇಲೆಲ್ಲ ಕಣ್ಣಾಡಿಸುತ್ತಾರೆ. ಪೊರಕೆಗೆ ಕೈ ಹಾಕುವುದು ಆಮೇಲೆ. “ಮೊದ್ಲು ನೋಡ್ಬೇಕು, ಆಮೇಲೆ ಮುಟ್ಬೇಕು. ಹೊಸಬರಿಗೆ ನಾನು ಹೇಳೋದು ಇಷ್ಟೇ” ಎನ್ನುತ್ತಾರೆ.

ಕಚೇರಿಗಳನ್ನು ಗುತ್ತಿಗೆಯ ಮೇಲೆ ಶುಚಿಗೊಳಿಸುವ ಕಂಪನಿಯಲ್ಲಿ ಅವರಿಗಿದು ಹತ್ತೊಂಬತ್ತನೇ ವರ್ಷ. ಓದು ಮೂರನೇ ತರಗತಿಗೇ ನಿಂತಿತು. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಮಲಗಿದ್ದ ಮಗುವನ್ನು ಅಕ್ಕನ ಮನೆಗೆ ಹೊತ್ತೊಯ್ದು ಬಿಟ್ಟು ಕೆಲಸಕ್ಕೆ ಓಡುತ್ತಿದ್ದರು. ಇಂದಿಗೂ ದಿನಕ್ಕೆ ನೂರಾ ಹತ್ತು ಮೇಜು, ಅರವತ್ತು ಕಸದ ಬುಟ್ಟಿ.

ಏಳು ವರ್ಷದ ಹಿಂದೆ ಅವರು ಜ್ವರದಿಂದ ಮೂರು ದಿನ ಮಲಗಿದರು. ಬದಲಿಗೆ ಬಂದಾಕೆ, ಕಟ್ಟಡದ ನಕ್ಷೆ ಬರೆಯುವವರ ಕಚೇರಿಯಲ್ಲಿ ಬುಟ್ಟಿಯ ಪಕ್ಕ ಬಿದ್ದಿದ್ದ ನಕ್ಷೆಯ ಸುರುಳಿಗಳನ್ನು ಕಸವೆಂದು ಎಸೆದಳು. ಅದು ಎರಡು ತಿಂಗಳ ದುಡಿಮೆ. ಗುತ್ತಿಗೆ ಕೈತಪ್ಪುವಂತಾಯಿತು, ಆಕೆಯ ಕೆಲಸ ಹೋಯಿತು.

“ಅವಳದೇನು ತಪ್ಪು? ಗೊತ್ತಿದ್ದದ್ದನ್ನೆಲ್ಲ ತಲೇಲಿ ಇಟ್ಕೊಂಡು ನಾನು ಮನೇಲಿ ಮಲಗಿದ್ದೆ.”

ಎದ್ದ ದಿನವೇ ಮಗಳ ಬಣ್ಣದ ಪೆನ್ಸಿಲ್ ಹಿಡಿದರು. ಆ ಕಚೇರಿಯ ಬಾಗಿಲಲ್ಲಿ ನಿಂತರೆ ಕೋಣೆ ಹೇಗೆ ಕಾಣುತ್ತದೋ ಹಾಗೇ ಬರೆದು, ಮುಟ್ಟಬಾರದ್ದಕ್ಕೆಲ್ಲ ಕೆಂಪು ಸುತ್ತು ಹಾಕಿದರು. “ಮೇಜು ಎಮ್ಮೆ ಥರ ಕಾಣ್ತಿದೆ ಅಂತ ಮಗಳು ನಕ್ಳು. ನಗ್ಲಿ, ಎಲ್ಲಿದೆ ಅಂತ ಗೊತ್ತಾಯ್ತಲ್ಲ.”

ಆಗಷ್ಟೇ ಕಂಪನಿ ಹೊರಗಿನವರಿಂದ ತೊಂಬತ್ತು ಪುಟದ ಕೈಪಿಡಿ ಬರೆಸಿತ್ತು. ಓದಿದವರು ಯಾರೂ ಇಲ್ಲ. ಚಿತ್ರ ನೋಡಿ ಮ್ಯಾನೇಜರ್, “ಇದೇನಮ್ಮ ಮಕ್ಕಳಾಟ?” ಎಂದರು.

“ಸಾರ್, ಆ ಕಚೇರಿ ಕಂಡೇ ಇಲ್ದವರನ್ನ ನಾಳೆ ಕಳ್ಸಿ. ಕೈಲಿ ಇದೊಂದೇ ಕೊಡಿ. ತಪ್ಪಾದ್ರೆ ನನ್ನನ್ನೂ ತೆಗೀರಿ. ಸರಿಯಾದ್ರೆ ಅವಳನ್ನ ವಾಪಸ್ ಕರೀರಿ.”

ಮರುದಿನ ಹೊಸಬನೊಬ್ಬ ಹೋಗಿ ಗುಡಿಸಿ ಒರೆಸಿ ಬಂದ. ನಕ್ಷೆಯವರು ಬೆಳಿಗ್ಗೆ ಬಂದು ಹುಡುಕಿ ನೋಡಿದರು. ಒಂದು ಚೂರು ಕಾಗದವೂ ಜಾಗ ಬಿಟ್ಟು ಕದಲಿರಲಿಲ್ಲ. ವಾರದೊಳಗೆ, ಕೆಲಸ ಕಳೆದುಕೊಂಡಿದ್ದ ಆ ಹೆಂಗಸು ಮರಳಿ ಬಂದಳು.

ಈಗ ಎಪ್ಪತ್ತನಾಲ್ಕು ಕಚೇರಿಗಳಲ್ಲಿ, ಪ್ರತಿ ಬಾಗಿಲ ಹಿಂದೆ ಅಂಥದೊಂದು ಚಿತ್ರವಿದೆ. “ಹೊಸ ಗಿರಾಕಿಗೆ ನಾವು ಮೊದಲು ತೋರಿಸೋದೇ ಅದನ್ನ” ಎಂದು ಮ್ಯಾನೇಜರ್ ಒಪ್ಪಿಕೊಳ್ಳುತ್ತಾರೆ. ಹೊಸ ಯೋಚನೆಗೆಂದು ಕಂಪನಿಗೆ ಪ್ರಶಸ್ತಿಯೂ ಬಂತು. ಫಲಕದಲ್ಲಿ ದೊಡ್ಡಕ್ಕನ ಹೆಸರಿಲ್ಲ.

ಬೇಸರವಿಲ್ಲವೇ ಎಂದರೆ ಒದ್ದೆ ಬಟ್ಟೆ ಹಿಂಡುತ್ತಾ ನಗುತ್ತಾರೆ. ಅವರು ಕೇಳಿರುವುದು ಬೇರೆಯೇ: ಚಿತ್ರದ ಮೂಲೆಯಲ್ಲಿ ಆಯಾ ಕೋಣೆ ಗುಡಿಸುವವರ ಹೆಸರು ಬರೆಯಬೇಕು. “ಕೋಣೆ ಗೊತ್ತಿರೋದು ಅವರಿಗೆ ತಾನೆ? ನನ್ನ ಹೆಸರು ನನ್ನ ಕೋಣೆಗಳಲ್ಲಿದ್ರೆ ಸಾಕು. ನಲವತ್ತೊಂದಿವೆ, ಕಮ್ಮಿ ಏನಲ್ಲ.”