ಚಿಕ್ಕಪ್ಪ ಎರಡನೇ ಸಲ ದೋಣಿ ಹತ್ತಿದ್ದು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎನ್ನುವುದರಲ್ಲಿ ನನಗೂ ಚಿಕ್ಕಮ್ಮನಿಗೂ ಇನ್ನೂ ಒಮ್ಮತವಿಲ್ಲ. ಲೈಫ್ ಜಾಕೆಟ್ ಕಿತ್ತಳೆ ಬಣ್ಣದ್ದು ಅಂತ ನಾನು, ಹಳದಿ ಅಂತ ಅವಳು. ಅದು ಅವರ ಮನೆ ಹಿಂದಿನ ಮೊಳೆಯಲ್ಲಿ ಈಗಲೂ ನೇತಾಡುತ್ತಿದೆ, ಆದರೆ ಬಿಸಿಲಿಗೆ ಎಷ್ಟು ಮಾಸಿದೆಯೆಂದರೆ ಯಾರ ಪರವಾಗಿಯೂ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಣ್ಣಾರೆ ಕಂಡೆ ಅನ್ನುವವರನ್ನು ಮೊದಲು ಅನುಮಾನಿಸಿ ಎಂದು ನಮಗೆ ಎರಡು ವರ್ಷ ಪಾಠ ಮಾಡಿದರು. ಕಂಡ ಕಣ್ಣು ನಮ್ಮದೇ ಆಗಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ದಿನಚರಿ ಬರೆಯುವ ಚಟ ಇದೆ, ನಿಜ. ಆದರೆ ಆವತ್ತಿನದನ್ನು ಬರೆದದ್ದು ಮಾರನೇ ದಿನ. ಅಷ್ಟರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕಥೆ ಹೇಳಿಯಾಗಿತ್ತು, ಹೇಳಿದಾಗಲೆಲ್ಲ ಅದು ಸ್ವಲ್ಪ ಮೈ ತುಂಬಿಕೊಂಡಿತ್ತು.

ಖಚಿತವಾಗಿ ಗೊತ್ತಿರುವುದು ಇಷ್ಟು. ಹಾಸನದ ಹತ್ತಿರದ ಕಟ್ಟಾಯದಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಚಿಕ್ಕಪ್ಪ, ಅರವತ್ತರ ಹತ್ತಿರ ಬಂದಾಗ, ಕಾಲಲ್ಲಿ ತುಳಿದು ನಡೆಸುವ ಮೀನು ಹಿಡಿಯುವ ಕಯಾಕ್ ಒಂದನ್ನು ಕೊಂಡ. ಮಂಗಳೂರಿನ ಕಡೆಯವರು ಯಾರೋ ಬಳಸಿ ಬೇಸತ್ತು ಮಾರಿದ್ದು. ಉದ್ದನೆಯ ಪ್ಲಾಸ್ಟಿಕ್ ದೋಣಿ, ನಡುವೆ ಒಬ್ಬರು ಕೂರುವ ಕುರ್ಚಿ, ಕುರ್ಚಿಯ ಮುಂದೆ ಸೈಕಲ್ಲಿನಂಥ ಎರಡು ಪೆಡಲು. ತುಳಿದರೆ ದೋಣಿಯ ಹೊಟ್ಟೆಯ ಕೆಳಗೆ ಫ್ಯಾನಿನಂಥದ್ದೊಂದು ತಿರುಗುತ್ತದೆ, ದೋಣಿ ಮುಂದೆ ಹೋಗುತ್ತದೆ. ಚಿಕ್ಕಮ್ಮ ನೋಡಿದ ಕೂಡಲೇ ಅದಕ್ಕೆ ಸೈಕಲ್ ದೋಣಿ ಅಂತ ನಾಮಕರಣ ಮಾಡಿದಳು. ಕಯಾಕ್ ಎಂಬ ಹೆಸರು ಆ ಮನೆಯ ಹೊಸಿಲು ದಾಟಲೇ ಇಲ್ಲ.

ಚಿಕ್ಕಪ್ಪನಿಗೆ ಗಾಳ ಹಾಕುವ ಹುಚ್ಚು ಮೊದಲಿನಿಂದಲೂ ಇತ್ತು. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಹರಿಗೋಲು ಹಾಕಿಕೊಂಡು ಒಬ್ಬನೇ ಹೋಗಿ ಇಡೀ ದಿನ ಕೂತು ಬರುತ್ತಿದ್ದ. ಮೀನು ನೆಪ, ಅವನಿಗೆ ಬೇಕಿದ್ದದ್ದು ಯಾರೂ ಏನೂ ಕೇಳದ ಜಾಗ ಅಂತ ನನ್ನ ಊಹೆ. ಹೊಳೆನರಸೀಪುರದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬಲಭುಜಕ್ಕೆ ಪ್ಲೇಟು ಹಾಕಿಸಿಕೊಂಡ ಮೇಲೆ ಹುಟ್ಟು ಹಾಕಲು ಆಗದಾಯಿತು. ದಡದಲ್ಲಿ ಕೂತು ಗಾಳ ಹಾಕಿ ನೋಡಿದ. ದಡದಲ್ಲಿ ಎಲ್ಲರೂ ಮಾತಾಡಿಸುತ್ತಾರೆ. ಆಗಲೇ ಮೊಬೈಲಿನಲ್ಲಿ ಈ ದೋಣಿ ಕಂಡದ್ದು. ಕೈ ಬೇಡ, ಕಾಲು ಸಾಕು.

ಚಿಕ್ಕಮ್ಮ ಒಂದು ಷರತ್ತು ಹಾಕಿದಳು. "ನೀವು ನೀರಿಗೆ ಬೀಳಾಕಿಲ್ಲ ಅಂದ್ರೆ ನಾನ್ ನಂಬಾಕಿಲ್ಲ. ಬಿದ್ರೆ ಒಬ್ರೇ ದೋಣಿಗ್ ಅತ್ಕೊಂಡು ಬತ್ತೀರಾ, ಅದ ತೋರ್ಸಿ. ಇಲ್ದಿದ್ರೆ ದೋಣಿ ಬಂದ್ ದಾರೀಲೇ ವಾಪಸ್ ಓಯ್ತದೆ." ಪರೀಕ್ಷಕಿಯಾಗಿ ನನ್ನನ್ನು ನೇಮಿಸಿದಳು. ಹಾಸನದ ಈಜುಕೊಳದಲ್ಲಿ ಈಜು ಕಲಿತವಳು ನಮ್ಮ ವಂಶದಲ್ಲಿ ನಾನೊಬ್ಬಳೇ, ಅದೂ ಬೆನ್ನುನೋವಿಗೆ ಡಾಕ್ಟರು ಹೇಳಿದ್ದಕ್ಕೆ. ಈ ಅರ್ಹತೆ ಎಂ.ಎ.ಗಿಂತ ಹೆಚ್ಚು ಗೌರವ ತಂದುಕೊಟ್ಟಿತು.

ಅಭ್ಯಾಸ ಮನೆಯಲ್ಲೇ ಶುರುವಾಯಿತು. ನೀರಿನಿಂದ ದೋಣಿಗೆ ಹತ್ತುವುದೆಂದರೆ ಏಣಿ ಹತ್ತಿದಂತಲ್ಲ. ಕಾಲನ್ನು ಹಿಂದಕ್ಕೆ ಚಾಚಿ ಪಟಪಟ ಬಡಿಯುತ್ತ ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡಲಾಗಿ ಎಳೆದುಕೊಂಡು, ಆಮೇಲೆ ಹೊರಳಿ ಕೂರಬೇಕು. ವಿಡಿಯೋ ನೋಡಿದ ಚಿಕ್ಕಪ್ಪ ನಡುಮನೆಯ ಮಂಚವನ್ನು ದೋಣಿ ಅಂತ ಮಾಡಿಕೊಂಡು ನೆಲದ ಮೇಲೆ ಬೋರಲು ಮಲಗಿ ಕಾಲು ಬಡಿಯತೊಡಗಿದ. ಮೀಟರ್ ನೋಡಲು ಬಂದ ಕರೆಂಟಿನವನು ಬಾಗಿಲಲ್ಲೇ ನಿಂತು, ಆಸ್ಪತ್ರೆಗೆ ಫೋನ್ ಮಾಡಲೇ ಎಂದು ವಿಚಾರಿಸಿದನಂತೆ.

ಒಂದು ಭಾನುವಾರ ದೋಣಿಯನ್ನು ಲಗೇಜ್ ಆಟೋದ ಮೇಲೆ ಬಿಗಿದು ಹಿನ್ನೀರಿಗೆ ಹೋದೆವು. ಅಣೆಕಟ್ಟೆಯಿಂದ ದೂರ, ದನ ನೀರಿಗಿಳಿಸುವ ಸಪಾಟು ದಡ. ಅಲ್ಲಿ ಗುತ್ತಿಗೆಗೆ ಮೀನು ಹಿಡಿಯುವವರ ಒಪ್ಪಿಗೆಯನ್ನು ಚಿಕ್ಕಪ್ಪ ಮೊದಲೇ ಕೇಳಿಕೊಂಡಿದ್ದ. ಇಳಿಸಿದ್ದೇ ಪೂಜೆಯ ಪ್ರಶ್ನೆ ಎದ್ದಿತು. ಹೊಸ ಗಾಡಿಗೆ ಪೂಜೆಯಿಲ್ಲದೆ ಹೇಗೆ? ಆಟೋದವನು ನಿಂಬೆಹಣ್ಣು ಹಿಡಿದು ದೋಣಿಯ ಸುತ್ತ ಎರಡು ಸುತ್ತು ಬಂದ. "ಅಣ್ಣ, ಇದ್ಕೆ ಚಕ್ರಾನೇ ಇಲ್ವಲ್ಲ, ಎಲ್ಲಿಗ್ ಮಡಗನ?"

"ಪೆಡ್ಲು ಕೆಳೀಕ್ ಮಡಗ್ಲಾ," ಅಂದ ಚಿಕ್ಕಪ್ಪ. ಕೂತು ತುಳಿದ, ರಸ ಅವನ ಪ್ಯಾಂಟಿಗೇ ಹಾರಿತು, ಶುಭ ಅಂತ ತೀರ್ಮಾನವಾಯಿತು.

ದೋಣಿಯ ಮೂತಿಗೆ ಚಿಕ್ಕಮ್ಮ ಸೇವಂತಿಗೆ ಹಾರ ಹಾಕಿದಳು. ಮನೆಯಲ್ಲಿ ಅವಳೇ ಕಟ್ಟಿದ್ದು. ಹೂವಿನ ದಾರ ಪದೇಪದೇ ತುಂಡಾಯಿತೆಂದು ಗಂಡನ ಡಬ್ಬಿಯಿಂದ ದೊಡ್ಡ ಕಾಟ್ಲಾ ಮೀನಿಗೆಂದು ಇಟ್ಟಿದ್ದ ಗಾಳದ ದಾರ ತೆಗೆದು ಕಟ್ಟಿದ್ದಳು. ನೀರಿಗಿಳಿಸುವ ಮುಂಚೆ ಹಾರ ತೆಗೆಯೋಣವೇ ಎಂದು ನಾನು ಕೇಳಿದೆನೆಂದು ನನ್ನ ನೆನಪು. ಇದು ನನಗೆ ಅನುಕೂಲವಾದ ನೆನಪು, ಹಾಗಾಗಿ ಹೆಚ್ಚು ನಂಬಬೇಡಿ. ಕೇಳಿದ್ದರೂ ಉತ್ತರ ಒಂದೇ: ಹಾಕಿದ ಹಾರವನ್ನು ಅದೇ ದಿನ ತೆಗೆಯುವುದುಂಟೇ?

ಯೋಜನೆ ಸರಳವಾಗಿತ್ತು. ಸ್ವಲ್ಪ ತುಳಿದುಕೊಂಡು ಹೋಗಿ ಬರುವುದು, ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಬೀಳುವುದು, ನಾನು ಪಕ್ಕದಲ್ಲಿ ನಿಂತಿರುವುದು, ಮುಟ್ಟದಿರುವುದು. ಕಷ್ಟವಾದರೆ ಜಾಕೆಟ್ಟಿಗೆ ಕಟ್ಟಿದ ಸೀಟಿಯನ್ನು ಮೂರು ಸಲ ಊದುವುದು. ದೋಣಿಯ ಜೊತೆ ಬಂದಿದ್ದ ಹುಟ್ಟನ್ನು ಚಿಕ್ಕಪ್ಪ ಮನೆಯ ಅಟ್ಟದಲ್ಲೇ ಬಿಟ್ಟು ಬಂದಿದ್ದ. ಕಾಲು ಇರುವವನಿಗೆ ಕೈ ಯಾಕೆ ಎಂಬುದು ಅವನ ವಾದ. ಬೆಳಿಗ್ಗೆ ಮುದ್ದೆ ಉಂಡು ಬಂದಿದ್ದರಿಂದ ಜಾಕೆಟ್ಟಿನ ಪಟ್ಟಿಗಳನ್ನೂ ಸಡಿಲ ಮಾಡಿಕೊಂಡಿದ್ದ. ಇದನ್ನು ನಾನು ನೋಡಲಿಲ್ಲ. ಪರೀಕ್ಷಕಿ ಆ ಹೊತ್ತಿನಲ್ಲಿ ದೋಣಿಯ ಫೋಟೋ ತೆಗೆಯುತ್ತಿದ್ದಳು.

ಹೋಗುವುದಂತೂ ಚೆಂದವಾಗಿ ಹೋಯಿತು. ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಯಾರದೋ ಮದುವೆಗೆ ಹೊರಟವನಂತೆ ತುಳಿದ. ಸ್ವಲ್ಪ ಎಂದದ್ದು ಸ್ವಲ್ಪವಾಗಿ ಉಳಿಯಲಿಲ್ಲ. ಅಷ್ಟರಲ್ಲಿ ಹಾರ ಮೂತಿಯಿಂದ ಜಾರಿ ನೀರಿಗಿಳಿದು ಹೊಟ್ಟೆಯ ಕೆಳಗೆ ನುಸುಳಿರಬೇಕು. ದೋಣಿಯ ಹಿಂದೆ ನೀರಿನ ಮೇಲೆ ಹಳದಿ ಎಸಳುಗಳು ಸಾಲಾಗಿ ಏಳತೊಡಗಿದವು. ದಡದಲ್ಲಿದ್ದ ಚಿಕ್ಕಮ್ಮ ಅದನ್ನು ಒಳ್ಳೆಯ ಶಕುನ ಅಂದುಕೊಂಡು ಕೈ ಮುಗಿದಳು. ಹೂವು ಪುಡಿಯಾಯಿತು, ದಾರ ಆಗಲಿಲ್ಲ. ಕಾಟ್ಲಾಕ್ಕೇ ಬಗ್ಗದ ದಾರ ಫ್ಯಾನಿಗೆ ಬಗ್ಗೀತೇ? ಸುತ್ತಿಕೊಂಡು ಪೆಡಲು ಗಟ್ಟಿಯಾಗಿ ನಿಂತಿತು. ಗಾಳಿ ದೋಣಿಯನ್ನು ಮೆಲ್ಲಗೆ ಒಳಕ್ಕೆ ತಳ್ಳತೊಡಗಿತು. ಚಿಕ್ಕಪ್ಪ ಕುರ್ಚಿಯಿಂದ ಎದ್ದು, ಒಂದು ಬದಿಗೆ ಬಾಗಿ, ಕೆಳಗೆ ಕೈ ಹಾಕಿ ನೋಡಿದ. ದೋಣಿ ಅವನನ್ನು ಇಳಿಸಿ ತಾನು ನೆಟ್ಟಗಾಯಿತು.

ಸೀಟಿ ಕೇಳಿಸಿತು. ಮೂರು ಸಲವಲ್ಲ, ಬಿಡದೆ. ನಾನು ಈಜಿಕೊಂಡು ಹೋದೆ. ಈಜುಕೊಳದಲ್ಲಿ ಆಚೆ ಗೋಡೆ ಕಾಣುತ್ತದೆ, ಇಲ್ಲಿ ಗೋಡೆ ಇರಲಿಲ್ಲ. ಹತ್ತಿರ ಹೋದಾಗ ಅವನು ಎಡಗೈಯಲ್ಲಿ ದೋಣಿಯ ಪಕ್ಕದ ಪಟ್ಟಿ ಹಿಡಿದಿದ್ದ. ಸಡಿಲ ಜಾಕೆಟ್ಟು ಕಿವಿಯವರೆಗೆ ಏರಿ, ಸಂತೆಗೆ ಒಯ್ಯುವ ಚೀಲದಿಂದ ಇಣುಕುವ ಹುಂಜದಂತೆ ಕಾಣುತ್ತಿದ್ದ. ಮೊದಲ ಮಾತೇ, "ಮುಟ್ಬ್ಯಾಡ ಕಣವ್ವ. ಮುಟ್ಟುದ್ರೆ ಲೆಕ್ಕಕ್ಕಿಲ್ಲ."

ಕಾಲು ಬಡಿದ, ಎದೆ ಮೇಲೆ ಬಂತು, ಬಲಭುಜ ಕೈಕೊಟ್ಟಿತು, ಜಾರಿದ. ಮತ್ತೆ ಬಡಿದ. ಈ ಸಲ ಜಾಕೆಟ್ಟಿನ ಮುಂಭಾಗ ದೋಣಿಯ ಅಂಚಿಗೆ ಸಿಕ್ಕಿಕೊಂಡು ಅಲ್ಲೇ ನೇತಾಡಿ ಜಾರಿದ. ಆಮೇಲೆ ಸುಮ್ಮನಾದ. ಕೆನ್ನೆಯನ್ನು ದೋಣಿಗೆ ಒತ್ತಿಕೊಂಡು ಉಸಿರು ಎಳೆಯುತ್ತಿದ್ದ. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿಯವರೆಗೆ ಇದೆಲ್ಲ ಮುಂದೆ ಹೇಗೆ ಹೇಳಬಹುದು ಅಂತ ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ. ಆಗ ವಾಕ್ಯಗಳು ನಿಂತವು. ಮುಟ್ಟುತ್ತೇನೆ ಅಂದೆ. ಬೇಡ ಎಂದು ತಲೆಯಾಡಿಸಿದ. ಆಟೋದವನಿಗೆ ಈಜು ಬರುವುದಿಲ್ಲ, ಮೀನಿನವರ ಹರಿಗೋಲು ಎಲ್ಲೂ ಕಾಣುತ್ತಿರಲಿಲ್ಲ. ನಾನು ಅವನ ಬೆನ್ನ ಹಿಂದಕ್ಕೆ ಹೋದೆ.

ಇಲ್ಲಿಂದ ಮುಂದಿನದನ್ನು ಎಷ್ಟು ಸಲ ನೆನೆದುಕೊಂಡಿದ್ದೇನೋ, ನೆನಪು ಸವೆದು ನುಣುಪಾಗಿದೆ. ಅವನು ಮತ್ತೆ ಕಾಲು ಬಡಿದ. ನೀರು ನನ್ನ ಮುಖಕ್ಕೆ ಸಿಡಿಯಿತು, ಕಣ್ಣು ಮುಚ್ಚಿದೆ. ನೀರಿನೊಳಗೆ ನನ್ನ ಅಂಗೈ ಮೇಲೆ ಏನೋ ಭಾರವಾಗಿ ಊರಿತು. ಪಾದ ಅಂತ ನನಗನ್ನಿಸುತ್ತದೆ. ನಾನು ಕೈ ಚಾಚಿ ಕೊಟ್ಟೆನೋ, ಇದ್ದ ಕೈಗೆ ಅದು ತಾಗಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಚಿಕ್ಕಪ್ಪನ ಎರಡು ಕಾಲು ಮಾತ್ರ ದೋಣಿಯ ಹೊರಗಿದ್ದವು. ಉಳಿದ ಚಿಕ್ಕಪ್ಪ ಜಜ್ಜಿದ ನಿಂಬೆಹಣ್ಣಿಗೆ ಮುಖ ಕೊಟ್ಟು ಬೋರಲು ಬಿದ್ದು ಕೆಮ್ಮುತ್ತಿದ್ದ.

ಸುಧಾರಿಸಿಕೊಂಡು ಕೂತ ಮೇಲೆ, ಮೊದಲೇ ಮಾಡಬೇಕಿದ್ದುದನ್ನು ಮಾಡಿದ. ಕೆಳಗಿನ ಫ್ಯಾನು ಮೇಲಕ್ಕೆ ಮಡಚಿಕೊಳ್ಳುತ್ತದೆ. ಎತ್ತಿ, ಜೇಬಿನಲ್ಲಿದ್ದ ಚಾಕುವಿನಿಂದ ದಾರ ಕತ್ತರಿಸಿದ. ನಾನು ಹಿಂದಿನ ಹಿಡಿ ಹಿಡಿದುಕೊಂಡು ತೇಲಿದೆ, ಅವನು ತುಳಿದುಕೊಂಡು ದಡಕ್ಕೆ ತಂದ.

ಅವನು ಹತ್ತಿದ್ದು ದೋಣಿಯ ಆಚೆ ಬದಿಯಲ್ಲಿ. ದಡದಿಂದ ಏನೂ ಕಂಡಿರಲಿಲ್ಲ. ಚಿಕ್ಕಮ್ಮನ ಕಣ್ಣು ಕೆಂಪಾಗಿತ್ತು. ಅತ್ತದ್ದು ಗೊತ್ತಾಗಬಾರದೆಂದು ಆಟೋದವನನ್ನು ಬೈಯುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಇವರೊಬ್ಬರೇ ಹತ್ತಿದರೋ ಹೇಗೆ ಅಂತ ಕೇಳಿದಳು. ನನಗೆ ಗೊತ್ತಿದ್ದಷ್ಟನ್ನೇ ಹೇಳಿದೆ. ಸರಿಯಾಗಿ ಗೊತ್ತಿಲ್ಲ, ಕೊನೆಯಲ್ಲಿ ನನ್ನ ಕೈ ಮೇಲೆ ಕಾಲು ಊರಿದ ಹಾಗಿತ್ತು ಅಂದೆ.

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದ್ ಬಿಂದ್ಗೆ ನೀರ್ ಎತ್ತುದ್ರೆ ನಡ ಇಡ್ಕತೀಯ. ನೀನು ಇವರ್ನ ಎತ್ತುದ್ಯಾ?"

ನೀರಿನಲ್ಲಿ ಭಾರ ಗೊತ್ತಾಗುವುದಿಲ್ಲ, ಅಷ್ಟು ಆಸರೆಯೇ ಸಾಕಾಗುತ್ತದೆ ಅಂತ ವಿವರಿಸಲು ಹೋದೆ. ಆಟೋದವನು ಜೋರಾಗಿ ನಕ್ಕ. ಅವನ ನಗೆ ಸಾಕ್ಷ್ಯವಾಗಿ ಸ್ವೀಕೃತವಾಯಿತು. ಚಿಕ್ಕಪ್ಪ ಫ್ಯಾನಿನಿಂದ ಹೂವಿನ ಎಸಳು ಕೀಳುವುದರಲ್ಲಿ ಮಗ್ನನಾಗಿದ್ದ, ತಲೆ ಎತ್ತಲಿಲ್ಲ. ದೋಣಿ ಉಳಿಯಿತು.

ಈಗ ಅವನು ಭಾನುವಾರ ಭಾನುವಾರ ಒಬ್ಬನೇ ಹೋಗುತ್ತಾನೆ. ಜಾಕೆಟ್ಟಿನ ಪಟ್ಟಿ ಬಿಗಿಯಾಗಿರುತ್ತದೆ, ಹುಟ್ಟು ಅಟ್ಟದಿಂದ ಇಳಿದಿದೆ, ಇಷ್ಟನ್ನು ಚಿಕ್ಕಮ್ಮ ಖಾತ್ರಿ ಮಾಡಿಕೊಳ್ಳುತ್ತಾಳೆ. ಅವನ ಮುಖದಲ್ಲಿ ಹಳೆಯ ಕಳೆ ಬಂದಿದೆ, ಅದನ್ನೂ ಹೇಳಬೇಕು. ನನಗೆ ಮಾತ್ರ ಭಾನುವಾರ ಮಧ್ಯಾಹ್ನದ ನಿದ್ದೆ ಹೋಗಿದೆ. ಇನ್ನೊಂದು ಸಲ ಪರೀಕ್ಷೆ ಮಾಡೋಣ, ಎದೆಮಟ್ಟದ ನೀರಿನಲ್ಲಿ, ಅಂದೆ. ನೀರು ಕಡಿಮೆ ಅಂದ. ಮಳೆಗಾಲದಲ್ಲಿ ಅಂದೆ. ನೀರು ಜಾಸ್ತಿ ಅಂದ. ನೀನು ಹಿಂದೆ ಇರಬೇಡ, ನಿನ್ನಿಂದ ಆಯ ತಪ್ಪುತ್ತದೆ ಅಂತಲೂ ಒಮ್ಮೆ ಅಂದ. ಆವತ್ತು ಅವನೊಬ್ಬನೇ ಹತ್ತಿದನೋ ಎಂಬುದಕ್ಕೆ ಅದನ್ನು ಉತ್ತರ ಅಂದುಕೊಳ್ಳಬಹುದೇ ಎಂದು ಒಂದು ರಾತ್ರಿ ಯೋಚಿಸಿದೆ. ಎರಡು ಕಡೆಗೂ ಎಳೆಯಬಹುದು.

ಹೋದ ವಾರ ಹಾಸನದ ನನ್ನ ಮನೆಗೆ ಕವರಿನಲ್ಲಿ ಜಿಲೇಬಿ ಮೀನು ತಂದುಕೊಟ್ಟ. ಕಾಫಿ ಕುಡಿದ. ಒಬ್ಬನೇ ಇನ್ನೂ ಒಳಕ್ಕೆ, ಆಚೆ ದಡದವರೆಗೆ ಹೋಗಿ ಬರಬೇಕೆಂದಿದ್ದೇನೆ ಅಂದ. ಗೇಟಿನವರೆಗೆ ಹೋಗಿ, ಅವನು ಹೆಲ್ಮೆಟ್ಟು ಹಾಕಿಕೊಳ್ಳುವ ಮೊದಲೇ, ಕಿವಿಗೆ ಕೇಳಿಸಲಿ ಅಂತ ಹತ್ತಿರ ನಿಂತು ಕೇಳಿದೆ.

"ಚಿಕ್ಕಪ್ಪ, ಆವತ್ತು ನಾನು ಹಿಂದೆ ಇಲ್ದೇ ಇದ್ದಿದ್ರೆ, ಹತ್ತೋಕೆ ಆಗ್ತಿತ್ತಾ ನಿಂಗೆ?"