ಅವಳು ‘ಚಾಲು’ ಅಂದಳು

ಮಧುಗಿರಿಯಲ್ಲಿ ನನ್ನದೊಂದು ಸಣ್ಣ ಪುಳಿಯೋಗರೆ ಗೊಜ್ಜಿನ ವ್ಯಾಪಾರ. ಮನೆ ಹಿಂದಿನ ಶೀಟಿನ ಕೋಣೆಯಲ್ಲಿ ಗೊಜ್ಜು ಕುದಿಸಿ, ಡಬ್ಬಿಗೆ ತುಂಬಿ, ಶಿರಾ, ಕೊರಟಗೆರೆಯ ಅಂಗಡಿಗಳಿಗೆ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಗೊಜ್ಜಿಗಿಂತ ಹೆಚ್ಚು ಹೆಸರು ಬಂದದ್ದು ನನ್ನ ಬಾಯಿಗೆ. ಚೌಕಾಸಿಯಲ್ಲಿ ಗಟ್ಟಿಗಿತ್ತಿ ಅಂತ ಸುದ್ದಿಯಾಗಿ, ಮಹಿಳಾ ಸಂಘದವರು ತಮ್ಮ ಸಭೆಗಳಿಗೆ ನನ್ನನ್ನು ಕರೆಯತೊಡಗಿದರು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಂಗಸರಿಗೆ ನಾನು ಪಾಠ ಹೇಳುತ್ತಿದ್ದೆ. ಎದುರಿನವರಿಗೆ ಏನು ಅವಸರವಿದೆ ಅಂತ ಮೊದಲು ತಿಳಿದುಕೊಳ್ಳಿ, ನಿಮ್ಮ ಅವಸರವನ್ನು ಮಾತ್ರ ತೋರಿಸಬೇಡಿ, ಮಾತು ಮುಂದಕ್ಕೆ ಹೋಗದಿದ್ದರೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ, ಹಿಂದಿನಿಂದ ಕರೆದೇ ಕರೆಯುತ್ತಾರೆ. ಹಾಗೆ ಹೇಳುತ್ತಾ ನಾನೇ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ನಡೆದು ತೋರಿಸಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ಸ್ವಲ್ಪ ಕೊಬ್ಬು ಬಂದಿತ್ತು.

ಕಳೆದ ಬೇಸಿಗೆಯ ಶುರುವಿನಲ್ಲಿ ಹುಣಸೆಹಣ್ಣಿಗಾಗಿ ಪಾವಗಡ ತಾಲ್ಲೂಕಿಗೆ, ನಾಗಲಮಡಿಕೆಯಿಂದ ಆಚೆಗಿನ ಒಂದು ಹಳ್ಳಿಗೆ ಹೋದೆ. ಹಣ್ಣು ಮರದ ಮೇಲಿರುವಾಗಲೇ ಮಾತಾಡಿ ಕೊಳ್ಳುವುದು ನಮ್ಮ ರೂಢಿ. ಮಾತು ಮುಗಿದ ಮೇಲೆ ನಮ್ಮ ಆಳುಗಳೇ ಹತ್ತಿ ಉದುರಿಸಬೇಕು. ಕೊರಟಗೆರೆ ಕಡೆಯ ಇಬ್ಬರು ಮರ ಹತ್ತುವವರನ್ನು ಬಾಡಿಗೆ ಗಾಡಿಯಲ್ಲಿ ಜೊತೆಗೆ ಕರೆದೊಯ್ದಿದ್ದೆ. ಹಣ್ಣು ಹೆಂಗಿದೆ ನೋಡ್ರಪ್ಪಾ ಅಂದೆ, ಇಬ್ಬರೂ ಮರ ಏರಿ ಕುಳಿತರು.

ಮರದ ಒಡತಿ ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿಯುತ್ತಲೇ ನಾನು ಅವಳ ಅವಸರವನ್ನು ಕೆದಕಿದೆ. ಪಾಪ, ಮುಚ್ಚಿಡುವುದು ಅವಳಿಗೆ ಗೊತ್ತೇ ಇರಲಿಲ್ಲ.

“ಈ ಮರ ಕೊಟ್ಟು ಗ್ರೈಂಡರ್ ತಗೋಬೇಕು ಕಣಕ್ಕಾ. ದೋಸೆ ಹಿಟ್ಟು ರುಬ್ಬಿ ಮಾರಾನ ಅಂತ. ಮಧ್ಯಾಹ್ನಕ್ಕೆ ಆಂಧ್ರದ ಕಡೆಯೋನು ಒಬ್ಬ ಬತ್ತಾನೆ, ಅವ್ನೇನಂತಾನೋ ನೋಡ್ಬುಟ್ಟು ಯೋಳ್ತೀನಿ.”

ಅವನು ಬರುವುದರೊಳಗೆ ಮುಗಿಸಬೇಕು ಅಂತ ಆಗಲೇ ನಿಶ್ಚಯಿಸಿದೆ. ಮೇಲಿನಿಂದ ಹಾಕಿದ ಒಂದು ಹಣ್ಣನ್ನು ಸುಲಿದು ನೋಡಿದರೆ ಒಳಗೆ ಹೊಸ ಬೆಲ್ಲದ ಬಣ್ಣ. ಅಂಥ ಹಣ್ಣು ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ನಾರು ಜಾಸ್ತಿ ಅಂದೆ, ಬೀಜ ಜಾಸ್ತಿ ಅಂದೆ. ಒತ್ತಾಯ ಮಾಡಿ ಅವಳಿಂದ ಒಂದು ರೇಟು ಹೇಳಿಸಿ, ಅದನ್ನು ಅರ್ಧಕ್ಕೆ ಇಳಿಸಿ ಕೇಳಿದೆ. ಅವಳು ಜಗ್ಗಲಿಲ್ಲ. ಕೊನೆಗೆ ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ನಾಲ್ಕು ಹೆಜ್ಜೆ ಇಟ್ಟಿಲ್ಲ, ಹಿಂದಿನಿಂದ ಕೈಬೀಸುತ್ತಾ ಬಂದಳು. “ಚಾಲಕ್ಕಾ, ಚಾಲು!”

ಬಂದಳು ದಾರಿಗೆ ಅಂದುಕೊಂಡೆ. ಮರದ ಕಡೆ ತಿರುಗಿ ಕೂಗಿದೆ: “ಒಪ್ಕೊಂಡ್ರು ಕಣ್ರಪ್ಪಾ, ಚಾಲು ಮಾಡ್ರಿ!”

ಕೊಂಬೆಗೆ ಕೋಲಿನೇಟು ಬಿತ್ತು, ಹಣ್ಣು ಪಟಪಟನೆ ಉದುರಿತು. ಅವಳು ಎರಡೂ ಕೈ ಎತ್ತಿಕೊಂಡು ಮರದ ಕೆಳಗೆ ಓಡಿದಳು. “ಒದ್ದು, ಒದ್ದು!” ಅಂತ ಕಿರುಚಿದಳು. ನನಗೋ ಖುಷಿ. ಎಷ್ಟು ಚುರುಕಿನ ಹೆಂಗಸು, ಕೊಂಬೆ ಒದ್ದು ಉದುರಿಸಿ ಅಂತ ತಾನೇ ಹೇಳಿಕೊಡುತ್ತಿದ್ದಾಳಲ್ಲ! ನಾನೂ ದನಿಗೂಡಿಸಿದೆ. “ಒದೀರ್ರೋ, ಕೊಂಬೆ ಒದೀರಿ!” ಅವರು ಮೇಲಿನ ಕೊಂಬೆ ಹಿಡಿದು ಜೋತುಬಿದ್ದು ಕೆಳಗಿನದನ್ನು ಒದ್ದರು. ನೋಡನೋಡುತ್ತಲೇ ಅರ್ಧ ಮರ ನೆಲದ ಮೇಲಿತ್ತು.

ಅವಳು ಬಂದು ನನ್ನ ರಟ್ಟೆ ಹಿಡಿದಳು.

“ಸಾಕು ಅಂದ್ರೆ ಬಡಿಸ್ತೀಯಾ? ಬ್ಯಾಡ ಬ್ಯಾಡ ಅಂದ್ರೆ ಒದಿಸ್ತೀಯಾ? ಏನಕ್ಕಾ ನೀನು?”

ಆಗ ನನಗೆ ಹೊಳೆಯಿತು. ಅಲ್ಲಿಯವರೆಗೂ ಕನ್ನಡದಲ್ಲೇ ಮಾತಾಡುತ್ತಿದ್ದವಳು ಸಿಟ್ಟಿನಲ್ಲಿ ಮನೆಮಾತು ತೆಲುಗಿಗೆ ಜಾರಿದ್ದಳು. ಚಾಲು ಅಂದರೆ ಸಾಕು. ಒದ್ದು ಅಂದರೆ ಬೇಡ. ನಿನ್ನ ಚೌಕಾಸಿ ಸಾಕು, ನಾನು ಕೊಡುವುದಿಲ್ಲ ಅಂತ ಅವಳು ಹೇಳಿದ್ದನ್ನು ನಾನು ಶುರು ಮಾಡಿ ಅಂತ ಕೇಳಿಸಿಕೊಂಡಿದ್ದೆ. ಪಾವಗಡಕ್ಕೆ ಬಂದು ಹೋಗುವವಳಿಗೆ ಇಷ್ಟು ತಿಳಿಯಬೇಡವೇ! ತಿಳಿಯುತ್ತಿತ್ತು. ಅವಳು ಹೂಂ ಅನ್ನಲಿ ಅಂತ ಕಾದು ಕುಳಿತ ಕಿವಿಗೆ ಬೇರೆ ಯಾವುದೂ ಕೇಳಲಿಲ್ಲ, ಅಷ್ಟೇ.

ಹಣ್ಣು ಮಣ್ಣಿನಲ್ಲಿ, ಆಡಿನ ಹಿಕ್ಕೆಯ ನಡುವೆ ಬಿದ್ದಿತ್ತು. ಕೆಲವು ಇನ್ನೂ ದೋರೆಗಾಯಿ. ಮಧ್ಯಾಹ್ನ ಬರುವವನು ಇದನ್ನು ನೋಡಿದರೆ ಮಾರಿಹೋಯಿತು ಅಂತ ವಾಪಸು ಹೋಗುತ್ತಾನೆ, ಇಲ್ಲವೇ ಕಸದ ರೇಟಿಗೆ ಕೇಳುತ್ತಾನೆ. ಹತ್ತು ನಿಮಿಷದ ಹಿಂದೆ ಅವಳು ನನಗೆ ಇಲ್ಲ ಅನ್ನಬಹುದಿತ್ತು. ಈಗ ಅನ್ನುವಂತಿರಲಿಲ್ಲ. ಅವಳ ಗ್ರೈಂಡರ್ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

“ತಪ್ಪಾಯ್ತು ಕಣಮ್ಮ, ನಂಗೆ ಅರ್ಥ ಆಗ್ಲಿಲ್ಲ,” ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಆಗಿದ್ದಾಯ್ತು ಬುಡು. ನಾನು ಮೊದ್ಲು ಯೋಳಿದ್ ರೇಟೇ ಕೊಟ್ಬುಡು.”

ಕೊಡಬೇಕು ಅಂತಲೇ ಇದ್ದೆ. ದೇವರಾಣೆಗೂ ಇದ್ದೆ. ಆದರೆ ನನ್ನ ಬಾಯಿಂದ ಹೊರಬಿದ್ದದ್ದು, “ಅದಿರ್ಲಿ, ಕೊನೇ ಮಾತು ಹೇಳು.”

ನಾನೇ ಬೆಚ್ಚಿಬಿದ್ದೆ. ಇಷ್ಟು ವರ್ಷ ಅನ್ನ ಹಾಕಿದ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತ್ತು. ಮರದ ಮೇಲಿದ್ದ ಇಬ್ಬರೂ ಕೆಳಗೆ ಬಗ್ಗಿ ನನ್ನನ್ನೇ ನೋಡುತ್ತಿದ್ದರು. ಮಾತು ನುಂಗಿಕೊಂಡು, ಅವಳು ಕೇಳಿದ ರೇಟನ್ನೇ ಕೊಟ್ಟು, ಹಣ್ಣು ತುಂಬಿಸಿಕೊಂಡು ಗಾಡಿ ಹತ್ತಿದೆ.

ಅವಳು ಗಾಡಿಯ ಹತ್ತಿರ ಬಂದಳು. ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಆಳುಗಳಿಗೆ ಕೇಳಿಸದ ಹಾಗೆ ಬಗ್ಗಿ, ಮೆಲ್ಲಗೆ ಕೇಳಿದಳು:

“ಅಕ್ಕಾ, ಅರ್ಥ ಆಗ್ದೋರಂಗೆ ಆಡಿ ಮೊದ್ಲು ಮರ ಬಡಿಸ್ಬುಡಾದು, ಆಮೇಕೆ ರೇಟ್ ಕೇಳಾದು. ವ್ಯಾಪಾರ ಅಂದ್ರೆ ಇಂಗೇನಾ ಮಾಡಾದು? ನಾಳೆಯಿಂದ ನಾನೂ ಹಿಟ್ಟು ಮಾರ್ಬೇಕಲ್ಲ, ಯೋಳ್ಕೊಡು.”

ಅವಳ ಮುಖದಲ್ಲಿ ಕುಹಕವಿದೆಯೇ ಅಂತ ಹುಡುಕಿದೆ. ಇರಲಿಲ್ಲ. ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹೆಂಗಸರು ನನ್ನನ್ನು ನೋಡುವಂತೆಯೇ ನೋಡುತ್ತಿದ್ದಳು. ಅವಳು ಗಾಡಿಯ ಬಾಗಿಲು ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.