ಬಡಿದ ಪಿಸ್ಟನ್ನು, ಭಂಡಾರದ ಆಣಿ

ಗಂಡನ ಹೆಸರ ನಾ ಸುಮ್ಮಸುಮ್ಮನ ಹೇಳಂಗಿಲ್ಲ. ಒಡಪ ಹಾಕಿ ಒಂದ ಸಲ ಹೇಳ್ತೀನಿ, ಆಮ್ಯಾಲೆ ಕೇಳಬ್ಯಾಡ್ರಿ. ಬೆಳ್ಳಿ ಬಟ್ಟಲದಾಗ ಬೆಣ್ಣಿ, ನಮ್ಮ ಹಾಲಸಿದ್ದಪ್ಪನವರ ಮೈತುಂಬ ಎಂಜಿನ್ ಎಣ್ಣಿ. ಆತಿಲ್ರಿ? ಇನ್ನ ಮುಂದ ಬರೇ ‘ನಮ್ಮವರು’ ಅಂತೀನಿ. ನಾನು ಸುಂದರವ್ವ. ಹೆಸರಿನಾಗರೆ ಇರಲಿ ಅಂತ ನಮ್ಮಪ್ಪ ಇಟ್ಟಿದ್ದ.

ನಮ್ಮವರು ಜಮಖಂಡಿಯಾಗ ಎಂಜಿನ್ ಮಿಸ್ತ್ರಿ. ಮುಧೋಳ ರಸ್ತಾಕ್ಕ ಮನಿ, ಮನಿ ಮುಂದ ತಗಡಿನ ಶೆಡ್ಡು. ಹೊಳಿ ನೀರೆತ್ತೋ ಡೀಸೆಲ್ ಎಂಜಿನ್ನು, ಟ್ರ್ಯಾಕ್ಟರು, ಜೀಪು, ಕೈಕಾಲು ಮುರಕೊಂಡದ್ದೆಲ್ಲಾ ನಮ್ಮ ಅಂಗಳಕ್ಕ ಬರ್ತಿತ್ತು. ನಾವು ಕುರಿ ಕಾಯೋ ಮಂದಿ. ಬಿಜಾಪುರ ಜಿಲ್ಲಾ ಒಡದು ನಮ್ಮದು ಬಾಗಲಕೋಟಿ ಜಿಲ್ಲಾ ಆದ ವರ್ಷ ನಮ್ಮವರು ಶೆಡ್ಡು ಹಾಕಿದ್ರು. “ಕುರಿ ಕಾಯಾವಗ ಎಂಜಿನ್ನಿನ ಉಸಾಬರಿ ಯಾಕೋ” ಅಂತ ಅಣ್ಣತಮ್ಮಕಿ ಮಂದಿ ಹಲ್ಲು ಕಿಸಿದ್ರು. ನಮ್ಮವರಿಗೆ ಸಿಟ್ಟು ಮೂಗಿನ ತುದಿ ಮ್ಯಾಲೆ. ಸೀದಾ ಬೀರೇಶ್ವರ ಗುಡಿಗೆ ಹೋದವರು ದೇವರ ಮುಂದಿನ ಅರಿಷಿಣ ಭಂಡಾರ ಮುಷ್ಟಿ ತುಂಬ ಹಿಡದು, ಪೂಜಾರಿ ಅಮಸಿದ್ದಪ್ಪಜ್ಜನ ಎದುರಿಗೆ ಆಣಿ ಮಾಡೇಬಿಟ್ರು: “ನಾ ಕಟ್ಟಿದ ಎಂಜಿನ್ನು ಖಡಖಡ ಅಂದ್ರ, ಅವತ್ತಿನಿಂದ ನಟ್ಟು ತಿರುವೋ ಪಾನಾ ಮುಟ್ಟೂದಿಲ್ಲ.”

ಭಂಡಾರ ಹಿಡದು ಆಡಿದ ಮಾತು ನಮ್ಮ ಮಂದಿಯಾಗ ಯಾರೂ ತಪ್ಪಂಗಿಲ್ಲ. ಹೆಂಡ್ತಿಗೆ ಒಂದು ಮಾತು ಕೇಳಿ ಆಣಿ ಮಾಡಬೇಕಿತ್ತಿಲ್ರಿ? ಕೇಳಲಿಲ್ಲ. ಅವತ್ತಿನಿಂದ ಒಂದು ಪದ್ಧತಿ ಆತು. ಎಂಜಿನ್ ತಯಾರಾದ ದಿವಸ ಅಮಸಿದ್ದಪ್ಪಜ್ಜ ಬರೂದು, ಹೊರಸಿನ ಮ್ಯಾಲೆ ಕುಂತು ಚಾ ಕುಡಿಯೂದು, ಚಾಲೂ ಆದ ಎಂಜಿನ್ನಿಗೆ ಕಿವಿ ಕೊಟ್ಟು ತಲಿ ಆಡ್ಸೂದು, ಭಂಡಾರ ಹಾರ್ಸೂದು. ಹನ್ನೊಂದು ವರ್ಷ ಹಿಂಗ ನಡೀತು. ಒಂದ ಎಂಜಿನ್ನೂ ಖಡ್ ಅನ್ನಲಿಲ್ಲ.

ಅಷ್ಟರಾಗ ರಬಕವಿಯ ಸೀರಿ ವ್ಯಾಪಾರಿ ಪರಮಾನಂದ ಬಂದ. ಛಲೋ ಮನಷ್ಯಾನ, ತಲಿಯಾಗ ಮಾತ್ರ ಗಾಳಿ. ಪುಣೆ ಕಡಿಂದ ಒಂದು ಹಳೇ ಜಪಾನಿ ಕಾರು ತಂದಿದ್ದ. ಅದರ ಎಂಜಿನ್ನಿಗೆ ಜುಲುಮಿಲೆ ಗಾಳಿ ತುಂಬೋ ಟರ್ಬೊ ಕೂಡ್ಸಿದ್ದ. ಕೊಲ್ಲಾಪುರದ ಮಗ್ಗಲು ಮಣ್ಣಿನ ಮೈದಾನದಾಗ ರೇಸ್ ಐತಿ, ಅದರಾಗ ಓಡ್ತೀನಿ ಅಂತ ಹಟ. ರೇಸಿಗಿಂತ ಮೊದಲ ಹಿಂದಿನ ಸೀಟಿನ ಮ್ಯಾಲೆ ಬನಹಟ್ಟಿ ಸೀರಿ ಗಂಟು ಹೇರಿಕೊಂಡು ಸಾಂಗ್ಲಿ ತನಕ ಬಾಣ ಬಿಟ್ಟಂಗ ಬಿಟ್ಟಾನ, ಎಂಜಿನ್ನು ನಡು ಹಾದ್ಯಾಗ ಹೊಗಿ ಉಗುಳಿ ಕುಂತೈತಿ. ಬಿಚ್ಚಿ ನೋಡಿದ್ರ ಒಂದು ಪಿಸ್ಟನ್ನಿನ ನೆತ್ತಿ ಮ್ಯಾಲೆ ಹೆಬ್ಬಟ್ಟು ಹೋಗುವಷ್ಟು ತೂತು!

“ಹೊಸಾ ಪಿಸ್ಟನ್ ಎರಡು ನಮೂನಿ ತರಿಸೀನ್ರಿ ಮಿಸ್ತ್ರೇರ,” ಅಂದ ಪರಮಾನಂದ. “ನಾಕು ಎರಕ ಹೊಯ್ದದ್ದು, ನಾಕು ಬಡದು ಮಾಡಿದ್ದು. ಯಾವುದು ಹಾಕೂದು ನಿಮಗ ಬಿಟ್ಟದ್ದು. ನನ್ನ ಜೀವ ನಿಮ್ಮ ಕೈಯಾಗೈತಿ.”

ಹಿಂಗಂದವನ ಎರಡು ಸೀರಿ ನನ್ನ ಕೈಯಾಗಿಟ್ಟು ಹೋದ. ಜೀವ ಅವರ ಕೈಯಾಗ, ಸೀರಿ ನನ್ನ ಕೈಯಾಗ.

ನಮ್ಮವರು ಎಂಟೂ ಪಿಸ್ಟನ್ನ ದೇವರ ಜಗಲಿ ಮ್ಯಾಲೆ ಸಾಲಾಗಿ ಇಟ್ರು. ಎರಕದ್ದಕ್ಕ ಉಗುರಿಲೆ ಹೊಡದು ಕೇಳ್ತಾರ, ಬಡದದ್ದಕ್ಕ ಹೊಡದು ಕೇಳ್ತಾರ. ಉಣ್ಣಾಕ ಕರದ್ರ ಒಂದು ಪಿಸ್ಟನ್ ಕೈಯಾಗ ಹಿಡಕೊಂಡ ಬಂದು ಕುಂದರ್ತಾರ. “ಎರಕದ್ದು ಮನಿಯಾಗ ಕಟ್ಟಿ ಮೇಯಿಸಿದ ಟಗರು, ನೋಡಾಕ ಚಂದ, ಗುದ್ದು ಬಿದ್ರ ತಲಿ ಒಡಕೋತೈತಿ. ಬಡದದ್ದು ಗುದ್ದು ತಿಂದು ಬೆಳದ ಟಗರು,” ಅಂದ್ರು. “ಹಂಗಿದ್ರ ಬಡದದ್ದ ಹಾಕ್ರೆಲ್ಲ, ನನಗ್ಯಾಕ ಕೇಳ್ತೀರಿ?” ಅಂದೆ. ರೊಟ್ಟಿ ಬಿಟ್ಟು ಎದ್ದು ಹೋದ್ರು.

ಮರುದಿವಸ ನಾ ಭಜಿ ಮಾಡಾಕ ಬಾಣಲಿ ಇಟ್ಟಿದ್ದೆ. ಎಣ್ಣಿ ಕಾಯೂದ ತಡ, ನಮ್ಮವರು ಬಂದು ಭಜಿ ಬಿಡೋ ಜಾಗಾಕ್ಕ ಎರಡೂ ನಮೂನಿದು ಒಂದೊಂದು ಪಿಸ್ಟನ್ ಬಿಟ್ರು! “ಅಯ್ಯ ನನ್ನ ಶಿವನ, ಏನ ಕರ್ಯಾಕತ್ತೀರಿ?” ಅಂತ ಒದರಿದೆ. ಚಿಮಟಿಗಿಲೆ ಒಂದೊಂದ ಹೊರಗ ತಗದು ಅಳತಿ ಹಿಡದ್ರು. ಮಾರಿ ಕಪ್ಪಿಟ್ಟಿತು. ಆಗ ಬಾಯಿ ಬಿಟ್ರು ನೋಡ್ರಿ.

“ಬಡದದ್ದು ಕಾದ್ರ ಎರಕದ್ದಕ್ಕಿಂತ ಜಾಸ್ತಿ ಉಬ್ಬತೈತಿ. ಅದಕ್ಕ ಸುತ್ತ ಸಂದ ಜಾಸ್ತಿ ಬಿಡಬೇಕು. ಸಂದ ಜಾಸ್ತಿ ಬಿಟ್ರ, ತಣ್ಣಗಿದ್ದಾಗ ಪಿಸ್ಟನ್ ಅಲ್ಲಾಡ್ತೈತಿ. ಖಡಖಡ ಅಂತೈತಿ. ಕಾದ ಮ್ಯಾಲೆ ತಾನ ಸುಮ್ಮನಾಗ್ತೈತಿ.”

“ಸಂದ ಕಡಿಮಿ ಬಿಡ್ರಿ.”

“ಓಡೂಮುಂದ ಉಬ್ಬಿ ಹಿಡಕೊಂಡ್ರ? ಗಾಡಿ ಪಲ್ಟಿ ಹೊಡದು ಪರಮಾನಂದ ಸತ್ರ?”

“ಎರಕದ್ದು ಹಾಕಿದ್ರ?”

“ಚಾಲೂ ಮಾಡಿದಾಗ ಹೂವಿನಂಗ ಇರ್ತೈತಿ. ರೇಸಿನಾಗ ಒಡೀತೈತಿ.”

ಎರಕದ್ದು ಹಾಕಿದ್ರ ಪರಮಾನಂದನ ಜೀವಕ್ಕ ಕುತ್ತು. ಬಡದದ್ದು ಹಾಕಿದ್ರ ನಮ್ಮವರ ಪಾನಾಕ್ಕ ಕುತ್ತು. ಗಾಡಿನ ಬ್ಯಾಡ ಅಂತ ತಿರುಗಿ ಕಳಸ್ರಿ ಅಂದೆ. “ಬ್ಯಾರೆ ಯಾವನರೆ ಎರಕದ್ದ ಹಾಕಿ ಕಳಸ್ತಾನ,” ಅಂದ್ರು. ಒಂಬತ್ತು ದಿವಸ ಒದ್ದಾಡಿ, ಹತ್ತನೇ ದಿವಸ ಬಡದದ್ದನ್ನ ಹಾಕಿದ್ರು, ಸಂದ ಬಿಡಬೇಕಾದಷ್ಟ ಬಿಟ್ಟು.

ಇನ್ನ ನನ್ನ ಕೆಲಸ. ತಣ್ಣಗಿದ್ರ ಅಲ್ಲೇನು ಖಡಖಡ ಅನ್ನೂದು? ತಣ್ಣಗ ಇರಾಕ ಬಿಟ್ರ ಹೌದಲ್ರಿ! ಎಂಜಿನ್ ತೋರ್ಸೋ ದಿವಸ ಮುಂಜಾನೆ ಎರಡು ಹಂಡೆ ನೀರು ಕಾಸಿದೆ. ಬಾಣಂತಿಗೆ ಎರದಂಗ ರೇಡಿಯೇಟರಿಗೆ ಸುಡುಸುಡು ನೀರು ಎರದೆ, ಬಸದೆ, ಮತ್ತ ಎರದೆ. ಮನ್ಯಾಗಿದ್ದ ನಾಕೂ ಕಂಬಳಿ ಎಂಜಿನ್ನಿಗೆ ಹೊಚ್ಚಿದೆ. ನಮ್ಮವರು ಪಾನಾ ಒರಸಿಕೋತ ನೋಡಿದ್ರು. ಆಜೂಬಾಜೂದ ಹೆಣ್ಮಕ್ಕಳು ಬಂದು “ಯಾರಿಗಾತವಾ ಹೆರಿಗಿ? ಗಂಡೋ ಹೆಣ್ಣೋ?” ಅಂದ್ರು. “ಅವಳಿಜವಳಿ ಎರಡು ಜೋಡಿ, ಎಲ್ಲಾ ಗಂಡ,” ಅಂತ ಹೇಳಿ ಕಳಿಸಿದೆ.

ಹತ್ತಕ್ಕ ಬರಬೇಕಾದ ಅಮಸಿದ್ದಪ್ಪಜ್ಜ ತುಬಚಿಯಾಗ ಕುರಿ ಪಂಚಾಯ್ತಿಗೆ ಕುಂತು ಒಂದಕ್ಕ ಬಂದ. ಅಷ್ಟರಾಗ ನಾ ಐದು ಸಲ ನೀರು ಕಾಸಿದ್ದೆ. ನನ್ನ ಮಾರಿ ಹೊಗಿಯಾಗ ಹುರದ ಶೇಂಗಾ ಆಗಿತ್ತು. ಕಂಬಳಿ ತಗದು ಕೀಲಿ ತಿರುವಿದ್ರು. ಎಂಜಿನ್ನು ಗುರ್ರ್ ಅಂತು. ಒಂದ ಖಡ್ ಇಲ್ಲ. ಗಾಡಿ ಒಯ್ಯಾಕ ಬಂದಿದ್ದ ಪರಮಾನಂದ ಚಪ್ಪಾಳಿ ಹೊಡದ. ಅಜ್ಜ ಭಂಡಾರಕ್ಕ ಕೈ ಹಾಕಿದ.

“ತಡೀರಿ ಅಜ್ಜಾರ,” ಅಂದ್ರು ನಮ್ಮವರು. ಕೀಲಿ ಬಂದ್ ಮಾಡಿದ್ರು. “ಇದು ಕಾಸಿ ಸುಮ್ಮನಿರಿಸಿದ್ದು. ಬೀರಪ್ಪ ದೇವರಿಗೆ ನಾ ಸುಳ್ಳು ತೋರಿಸಂಗಿಲ್ಲ. ತಣ್ಣಗಾಗಲಿ.”

ನಿಮ್ಮ ಮುಂದ ಖರೆ ಹೇಳ್ತೀನಿ, ಕೈಯಾಗಿನ ತಂಬಿಗಿ ಅವರ ತಲಿಗೆ ಒಗೀಬೇಕಂತ ಮಾಡಿದ್ದೆ. ಮುಂಜಾನಿಂದ ನೀರು ಹೊತ್ತು ನನ್ನ ನಡ ಬಿದ್ದು ಹೋಗಿತ್ತು. ಎಲ್ಲಾರೂ ಹೊರಸಿನ ಮ್ಯಾಲೆ ಕುಂತ್ವಿ. ಎಂಜಿನ್ ತಣ್ಣಗಾಗೂದನ್ನ ಕಾಯೂದು ಅಂದ್ರ ಏನಂತ ತಿಳದೀರಿ! ರೊಟ್ಟಿ, ಪುಂಡಿ ಪಲ್ಯ ಉಂಡ್ವಿ. ಪರಮಾನಂದ ಬೀಸಣಿಕಿಲೆ ಎಂಜಿನ್ನಿಗೆ ಗಾಳಿ ಹಾಕಿದ. ಹೊತ್ತು ಇಳಿಯೋ ಹೊತ್ತಿಗೆ ನಮ್ಮವರು ಎಂಜಿನ್ ಮ್ಯಾಲೆ ಅಂಗೈ ಇಟ್ಟು ನೋಡಿ, ಕೀಲಿ ತಿರುವಿದ್ರು.

ಖಡ್ ಖಡ್ ಖಡ್ ಖಡ್! ಬನಹಟ್ಟಿ ಮಗ್ಗ ಎಲ್ಲಾ ಒಮ್ಮೆಲೆ ಅಂಗಳಕ್ಕ ಬಂದಂಗ. ಕೋಳಿ ಚದುರಿ ಓಡಿದ್ವು. ಅಮಸಿದ್ದಪ್ಪಜ್ಜ ಎದ್ದು ಬಂದು, ಬಾಗಿ ಕಿವಿ ಹಚ್ಚಿ, ತಲಿ ಆಡ್ಸಿದ. “ಏನ ಛಲೋ ಕಟ್ಟೀಯೋ! ಸಪ್ಪಳನ ಇಲ್ಲ.”

ನಾವು ಮಾರಿ ಮಾರಿ ನೋಡಿಕೊಂಡ್ವಿ. ಅಜ್ಜ ಐವತ್ತು ವರ್ಷ ಡೊಳ್ಳು ಬಾರ್ಸಿದಾವ. ಅವನ ಕಿವಿ ಎಂದೋ ಹೋಗ್ಯಾವ! ಹನ್ನೊಂದು ವರ್ಷ ಆತ ಕೇಳಿದ್ದು ಏನೂ ಇಲ್ಲ, ಕುಡದದ್ದು ಬರೇ ಚಾ.

ಪರಮಾನಂದ ನನಗ ಕಣ್ಣ ಹೊಡದ, ಸುಮ್ಮನಿರು ಅಂತ. ನಾ ನಮ್ಮವರ ತೋಳು ಹಿಡದು “ದೇವರ ಸಾಕ್ಷಿನ ಒಪ್ಪೇತಿ, ಬಿಡ್ರಿ,” ಅಂದೆ.

“ಅವರಿಗೆ ಕೇಳಲಿಲ್ಲ. ನನಗ ಕೇಳ್ತಲ್ಲ,” ಅಂದು, ಕೈಯಾಗಿನ ಪಾನಾ ಅಜ್ಜನ ಕಾಲ ಹತ್ತಿರ ಇಟ್ಟು ಒಳಗ ಹೋದ್ರು. ಐದು ಮಿನಿಟಿಗೆ ಎಂಜಿನ್ನು ಕಾದು ತಾನ ಸುಮ್ಮನಾತು. ನಾ ಅಂಗಳದಾಗ ನಿಂತು ಅತ್ತೆ.

ಪರಮಾನಂದ ರೇಸಿಗೆ ಹೋದ. ಎಂಟು ಗಾಡ್ಯಾಗ ಏಳನೇ ನಂಬರು. ಹಿಂದ ಬಿದ್ದದ್ದು ಒಂದ ಗಾಡಿ, ಅದು ಚಾಲೂನ ಆಗಿರಲಿಲ್ಲಂತ. ಆದ್ರ ಎಂಜಿನ್ ಒಡೀಲಿಲ್ಲ, ಅಂವ ಜೀವಂತ ಬಂದ. ಪೇಢೆ ಕೊಡಾಕ ಬಂದ್ರ ನಮ್ಮವರು ಎರಡೂ ಕೈ ಬಗಲಾಗ ಇಟ್ಟುಕೊಂಡು ಕುಂತಿದ್ರು. ಎಲ್ಲಿ ಮರತು ಪಾನಾ ಮುಟ್ಟಿಬಿಟ್ಟೇನೋ ಅಂತ ಹಂಗ ಕುಂದರೂದು. ಬಂದ ಗಿರಾಕಿನೆಲ್ಲಾ ಬ್ಯಾರೆ ಕಡೆ ಕಳಸ್ತಿದ್ರು. ಉಣ್ಣೂದು ಅರ್ಧಕ್ಕ ಬಂತು, ಮಾತು ಅದಕ್ಕಿಂತ ಕಡಿಮಿ. ಮನಷ್ಯಾ ನನ್ನ ಕಣ್ಣೆದುರಿಗೆ ತುಕ್ಕು ಹಿಡ್ಯಾಕತ್ತಿದ್ದ.

ತಿಂಗಳಾದ ಮ್ಯಾಲೆ ತುಬಚಿಯ ಚನಮಲ್ಲಪ್ಪ ಹೊಳಿ ಎಂಜಿನ್ನ ಟ್ರ್ಯಾಕ್ಟರಿನಾಗ ಹೇರಿಕೊಂಡು ಬಂದ. ನಮ್ಮವರು “ಮುಧೋಳಕ್ಕ ಒಯ್ಯಿ” ಅಂತ ಬಾಯಿ ತಗೀಬೇಕು, ನಾ ಅಡ್ಡ ಹೋದೆ. “ಇಳಸೋ ಯಣ್ಣಾ.” ಸೆರಗ ಸೊಂಟಕ್ಕ ಸಿಗಸಿದೆ, ಪಾನಾ ಎತ್ತಿಕೊಂಡೆ.

“ಏ, ಏನ ಮಾಡಾಕತ್ತೀ?”

“ಭಂಡಾರ ಹಿಡದವರು ನೀವು. ನನ್ನ ಕೇಳಿ ಹಿಡದಿದ್ರೇನು? ನನ್ನ ಕೈಗೆ ಯಾವ ಆಣೀನೂ ಇಲ್ಲ.”

ಮೊದಲನೇ ನಟ್ಟಿಗೆ ಪಾನಾ ಹಾಕಿ ಮೈಭಾರ ಹಾಕಿ ಜಗ್ಗಿದೆ. ಜಪ್ಪಯ್ಯ ಅನ್ನಲಿಲ್ಲ. ಚನಮಲ್ಲಪ್ಪ ನಗಾಕತ್ತಿದ. ನಮ್ಮವರು ಬಗಲಾಗಿನ ಕೈ ತಗದು ಮುಂದ ಬಂದ್ರು, ಗಕ್ಕನ ನಿಂತ್ರು, ಮತ್ತ ಕೈ ಬಗಲಾಗ ಇಟ್ಟುಕೊಂಡ್ರು. ಮದಿವ್ಯಾಗಿ ಇಪ್ಪತ್ತು ವರ್ಷದಾಗ ನನ್ನ ಹಂಗ ಕರದಿದ್ದಿಲ್ಲ.

“ಎಡಕ್ಕ ತಿರುವ್ರಿ, ಮಿಸ್ತ್ರೇರ.”